ಮಸೂರದ ವಿಚಾರ

ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ತುಂಗೆಯ ದಂಡೆಗೆ ಸಮೀಪದಲ್ಲಿ, ಒಂದು ಹಳೆಯ ತೊಟ್ಟಿಯ ಮನೆಯುಂಟು. ಅದರ ನಡುಮನೆಯ ಗೋಡೆಯ ಮೇಲೆ, ದೇವರ ಕೋಣೆಯ ಬಾಗಿಲಿಗೆ ಎಡಗಡೆಯಲ್ಲಿ, ಗಂಧದ ಚಕ್ಕೆಯ ಹಾರ ಹಾಕಿದ ಒಂದು ಭಾವಚಿತ್ರವು ತೂಗುತ್ತಿದೆ. ಅದು ಆ ಮನೆಯ ಹಿಂದಿನ ಯಜಮಾನರದು. ಕೋಟಿನ ಗುಂಡಿಗಳು ಸ್ಪಷ್ಟವಾಗಿವೆ. ಹೆಗಲ ಮೇಲಿನ ಶಲ್ಯದ ಅಂಚು ಎದ್ದು ಕಾಣುತ್ತದೆ. ಮೊಣಕಾಲಿನ ಮೇಲಿಟ್ಟ ಕೈಯ ಬೆರಳಿನ ಉಂಗುರ ಸಹ ಕಾಣುತ್ತದೆ. ಮುಖ ಮಾತ್ರ ಇಲ್ಲ. ಮುಖವಿರಬೇಕಾದ ಸ್ಥಳದಲ್ಲಿ, ನೀರು ಹೆಚ್ಚಾದ ಗಂಧವನ್ನು ಬೆರಳಿನಿಂದ ಎಳೆದಂತೆ, ಒಂದು ಮಸುಕಿದೆ.

ಸಂಗತಿ ಇಷ್ಟೆ. ಊರಿನ ಸಹಕಾರ ಸಂಘದವರು ಯಾವುದೋ ಒಂದು ವಾರ್ಷಿಕ ಸಭೆಯ ದಿನ ಗುಂಪಿನ ಚಿತ್ರ ತೆಗೆಸಿದರು. ಚಿತ್ರಗಾರನು ‘ಅಲುಗಬೇಡಿ’ ಎಂದು ಕೂಗಿ ಗುಂಡಿಯನ್ನು ಒತ್ತುವ ಕ್ಷಣಕ್ಕೆ ಸರಿಯಾಗಿ, ಅಂಗಳದಲ್ಲಿ ಆಡುತ್ತಿದ್ದ ಮಗುವೊಂದು ಎಡವಿ ಬಿದ್ದು ಅತ್ತಿತು. ಉಳಿದವರೆಲ್ಲರೂ ಕಲ್ಲಿನಂತೆ ಕುಳಿತಿದ್ದರು. ಯಜಮಾನರೊಬ್ಬರು ತಲೆಯನ್ನು ಆ ಕಡೆಗೆ ತಿರುಗಿಸಿದರು. ಅವರು ಜೀವಮಾನದಲ್ಲಿ ತೆಗೆಸಿಕೊಂಡ ಚಿತ್ರ ಅದೊಂದೇ ಎಂಬುದು ಅವರು ಗತಿಸಿದ ಮೇಲೆ ತಿಳಿಯಿತು. ಅದನ್ನೇ ಕತ್ತರಿಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದರು. ಚಿತ್ರವು ದೊಡ್ಡದಾದಷ್ಟೂ ಮಸುಕೂ ದೊಡ್ಡದಾಯಿತು.

ಅವರ ಧರ್ಮಪತ್ನಿಯವರು, ಎಂದರೆ ಈಗಿನ ಅಜ್ಜಿಯವರು, ಪ್ರತಿ ಶುಕ್ರವಾರವೂ ಸೆರಗಿನ ತುದಿಯಿಂದ ಆ ಗಾಜನ್ನು ಒರೆಸುತ್ತಾರೆ. ಮಸುಕಿನ ವಿಷಯವಾಗಿ ಅವರು ಯಾರೊಡನೆಯೂ ಮಾತನಾಡಿದವರಲ್ಲ. ಆದರೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನಿಗೆ ಕಳೆದ ದೀಪಾವಳಿಯಲ್ಲಿ ಒಂದು ಯೋಚನೆ ಬಂದಿತು. ಈಗಿನ ಗಣಕಯಂತ್ರಗಳಲ್ಲಿ ಮಸುಕಾದ ಮುಖವನ್ನು ತಿದ್ದುವ ವಿದ್ಯೆ ಬಂದಿದೆಯಷ್ಟೆ. ಅಸಂಖ್ಯಾತ ಮುಖಗಳನ್ನು ನೋಡಿ ಕಲಿತ ಯಂತ್ರವು, ಇಲ್ಲಿ ಕಣ್ಣಿರಬೇಕು, ಇಲ್ಲಿ ತುಟಿಯ ಅಂಚು ಹೀಗಿರಬೇಕು ಎಂದು ಊಹಿಸಿ ತುಂಬುತ್ತದೆ. ಹುಡುಗನು ಅಜ್ಜನ ಚಿತ್ರವನ್ನು ಹಾಗೆ ತಿದ್ದಿಸಿ, ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ ತಂದು, ಅಜ್ಜಿಯ ಕೈಗೆ ಕೊಟ್ಟನು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಯಾರಪ್ಪಾ ಇವರು? ಲಕ್ಷಣವಾಗಿದ್ದಾರೆ. ನಿಮ್ಮ ಕಾಲೇಜಿನವರೋ?”

ಹುಡುಗನು ಅಜ್ಜನೆಂದು ಹೇಳಿದನು. ಅಜ್ಜಿಯವರು ಇನ್ನೊಮ್ಮೆ ನೋಡಿ, ಕಾಗದವನ್ನು ಮೆಲ್ಲನೆ ಹಿಂದಕ್ಕೆ ಕೊಟ್ಟು, “ಆಚೆ ಇಡು ಮಗೂ. ಇವರ ಎದುರಿಗೆ ನಾನು ದೀಪ ಹಚ್ಚಲಾರೆ” ಎಂದರು. ಮಾತು ಅಲ್ಲಿಗೆ ಮುಗಿಯಿತು. ಆ ದಿನ ಪಕ್ಕದಲ್ಲಿ ನಿಂತಿದ್ದ ಹಿರಿಯ ಮಗ ರಾಯರು, ಅಂಚೆಯ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಳೆದು ನಿವೃತ್ತರಾದವರು, ಮನಸ್ಸಿನಲ್ಲಿಯೇ ಒಂದು ನಿಶ್ಚಯ ಮಾಡಿಕೊಂಡರು. ಒಳಗೆ ಬಾರದ ಬೆಳಕನ್ನು ಆಮೇಲೆ ಯಾರೂ ತಂದು ಸೇರಿಸಲಾರರು. ತಾಯಿಯ ಮುಖವನ್ನಾದರೂ ಸಕಾಲದಲ್ಲಿ ಸ್ಪಷ್ಟವಾಗಿ ಹಿಡಿಯಬೇಕು.

ಸಕಾಲವೂ ಒದಗಿ ಬಂದಿತು. ವೈಶಾಖದಲ್ಲಿ ಅಜ್ಜಿಯವರಿಗೆ ಸಹಸ್ರಚಂದ್ರದರ್ಶನ ಶಾಂತಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನಗಳಂತೆ ಲೆಕ್ಕ ಹಾಕಿದರೆ, ಸಾವಿರ ಪೂರ್ಣಚಂದ್ರರನ್ನು ಕಾಣಲು ಎಂಬತ್ತು ವರ್ಷ ಹತ್ತು ತಿಂಗಳು ಬೇಕಾಗುತ್ತದೆ. ಮಕ್ಕಳು, ಸೊಸೆಯರು, ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ ಸೇರುವ ದಿನ. ಮನೆಯಲ್ಲಿ ಐದಾರು ವರ್ಷ ಹಳೆಯದಾದ ಒಂದು ಕ್ಯಾಮರಾ ಇತ್ತು. ಅದರೊಡನೆ ಕೊಳ್ಳುವಾಗಲೇ ಬಂದ ಒಂದು ಮಸೂರವೂ ಇತ್ತು. ಇದರಲ್ಲಿ ಒಂದು ವಿಘ್ನ. ಅಜ್ಜಿಯವರ ತಲೆಯು ಮೂರು ನಾಲ್ಕು ವರ್ಷಗಳಿಂದ ಸದಾ ಸಣ್ಣಗೆ ಅಲುಗುತ್ತದೆ. ವಯಸ್ಸಿನ ದೋಷ, ನೋವೇನೂ ಇಲ್ಲ. ಅವರು ಯಾವುದನ್ನೋ ಬೇಡವೆನ್ನುತ್ತಿರುವಂತೆ ಹೊಸಬರಿಗೆ ತೋರುವುದು. ಮನೆಯೊಳಗೆ ತೆಗೆದ ಚಿತ್ರಗಳಲ್ಲೆಲ್ಲ ಅವರ ಮುಖವು, ಗೋಡೆಯ ಮೇಲಿನ ಯಜಮಾನರ ಮುಖದಂತೆಯೇ, ಎಳೆದುಹೋಗಿರುತ್ತಿತ್ತು.

ರಾಯರಿಗೆ ಮೊದಲು ತೋರಿದ ಉಪಾಯವು ಎಲ್ಲರಿಗೂ ತೋರುವಂಥದೇ. ಹೆಚ್ಚು ಬೆಲೆಯ ಮಸೂರವನ್ನು ತಂದರಾಯಿತು! ಶಿವಮೊಗ್ಗಕ್ಕೆ ಹೋಗಿ ಅಂಗಡಿಯಲ್ಲಿ ವಿಚಾರಿಸಿದರು. ಅಂಗಡಿಯವನು ಒಳ್ಳೆಯವನೇ, ಮೊಳದುದ್ದದ ಒಂದನ್ನು ತೋರಿಸಿ, “ಸಾರ್, ಇದರಲ್ಲಿ ಕೈನಡುಕ ತಡೆಯುವ ಏರ್ಪಾಡಿದೆ, ದೂರದಿಂದಲೇ ತೆಗೆಯಬಹುದು” ಎಂದನು. ನಡುಕವೆಂಬ ಮಾತು ಕೇಳಿ ರಾಯರಿಗೆ ಪರಮ ಸಂತೋಷವಾಯಿತು. ಹಣ ಕೊಡುವ ಮೊದಲು ಮಗನಿಗೊಂದು ಮಾತು ತಿಳಿಸೋಣವೆಂದು ದೂರವಾಣಿಯಲ್ಲಿ ಕೇಳಿದರು.

“ಅಪ್ಪಯ್ಯ, ಅದು ತಡೆಯುವುದು ಚಿತ್ರ ತೆಗೆಯುವವರ ಕೈನಡುಕವನ್ನು. ಎದುರಿಗೆ ಕುಳಿತವರ ತಲೆ ಅಲುಗುವುದನ್ನು ಅದು ಹೇಗೆ ತಡೆದೀತು? ಹಾಗೆಯೇ ಬನ್ನಿ.”

ರಾಯರು ಬರಿಗೈಯಲ್ಲಿ ಹಿಂದಿರುಗಿದರು. ಕೊಳ್ಳುವವರಲ್ಲಿ ಬಹುಮಂದಿ ಈ ಒಂದು ಭೇದವನ್ನು ತಿಳಿಯದೆ ಮೋಸಹೋಗುತ್ತಾರೆ. ಮೋಸವು ಅಂಗಡಿಯವನದಲ್ಲ, ನಡುಕವೆಂಬ ಶಬ್ದದ್ದು.

ಮುಂದಿನ ಭಾನುವಾರ ಹುಡುಗನು ಊರಿಗೆ ಬಂದು ಸ್ಥೂಣಾನಿಖನನ ನ್ಯಾಯದಿಂದ ಪರೀಕ್ಷೆಯನ್ನು ಆರಂಭಿಸಿದನು. ಗೂಟವನ್ನು ಅಲುಗಿಸಿ ಅಲುಗಿಸಿ ನೆಡುವಂತೆ, ಒಂದೊಂದು ಸಂಗತಿಯನ್ನೂ ಅಲುಗಿಸಿ ನೋಡಿದನು. ಹತ್ತು ವರ್ಷದ ತಂಗಿಯನ್ನು ನಡುಮನೆಯ ಮಣೆಯ ಮೇಲೆ ಕೂರಿಸಿ, ಅಜ್ಜಿಯಂತೆ ತಲೆಯನ್ನು ಅಲುಗಿಸುತ್ತಿರಲು ಹೇಳಿದನು. (ಅವಳು ಅದನ್ನು ಅತಿ ಉತ್ಸಾಹದಿಂದ ಮಾಡಿ ಅಜ್ಜಿಯ ಎದುರಿಗೇ ಸಿಕ್ಕಿಬಿದ್ದಳು, ಅಜ್ಜಿಯವರು ನಕ್ಕು, “ಅಷ್ಟು ಜೋರಿಲ್ಲವೇ, ಸ್ವಲ್ಪ ಮೆಲ್ಲಗೆ” ಎಂದು ತಿದ್ದಿದರು.) ಹಳೆಯ ಮಸೂರದಲ್ಲಿ ಮುಖವನ್ನು ಹತ್ತಿರಕ್ಕೆ ಎಳೆದರೆ ಅದರ ಕಿಂಡಿಯು ಎಫ್/೫.೬ಕ್ಕಿಂತ ಹೆಚ್ಚು ತೆರೆಯದು. ಆ ಮನೆಯ ಮಂದಬೆಳಕಿನಲ್ಲಿ ಚಿತ್ರಕ್ಕೆ ಬೇಕಾದಷ್ಟು ಬೆಳಕು ಒಳಸೇರಲು ಸೆಕೆಂಡಿನ ಹದಿನೈದನೆಯ ಒಂದು ಪಾಲು ಬೇಕಾಯಿತು. ಅಷ್ಟರಲ್ಲಿ ಹುಡುಗಿಯ ಮುಖವು ಎರಡಾಯಿತು. ಅರುವತ್ತನೆಯ ಒಂದು ಪಾಲಿನಲ್ಲಿ ಮುಖವು ಒಂದೇ ಆಯಿತಾದರೂ ರೆಪ್ಪೆಯ ಕೂದಲು ಕಾಣಲಿಲ್ಲ. ನೂರಿಪ್ಪತ್ತೈದನೆಯ ಒಂದು ಪಾಲಿನಲ್ಲಿ ರೆಪ್ಪೆಯೂ ಕಂಡಿತು. ಆದರೆ ಚಿತ್ರವೆಲ್ಲ ಕತ್ತಲೆ. ಹೀಗಾಗಿ ಪ್ರಶ್ನೆಯು ಸ್ಫುಟವಾಯಿತು. ಬೇಕಾದದ್ದು ದೂರವನ್ನು ಹತ್ತಿರ ಮಾಡುವ ಮಸೂರವಲ್ಲ, ಅದೇ ಅಲ್ಪಕಾಲದಲ್ಲಿ ಎಂಟು ಪಾಲು ಹೆಚ್ಚು ಬೆಳಕನ್ನು ಒಳಗೆ ಬಿಡುವ ಮಸೂರ.

ಫ್ಲಾಷು ಹಾಕಬಾರದೆ ಎಂದು ಕೇಳುವವರುಂಟು. ಬಿಳಿಯ ತಾರಸಿಯ ಮನೆಯಲ್ಲಿ ಅದರ ಬೆಳಕನ್ನು ಮೇಲಕ್ಕೆ ಹೊಡೆದು, ಅಲ್ಲಿಂದ ಮೃದುವಾಗಿ ಇಳಿಸಿಕೊಳ್ಳಬಹುದು. ಈ ಮನೆಗೆ ತಾರಸಿಯೆಲ್ಲಿಯದು? ಮೇಲೆ ಹೊಗೆ ಹಿಡಿದು ಕಪ್ಪಾದ ಹಲಗೆಯ ಮಾಳಿಗೆ, ಅದರ ಮೇಲೆ ಮಂಗಳೂರು ಹೆಂಚು. ಬೆಳಕನ್ನು ನೇರವಾಗಿ ಮುಖಕ್ಕೆ ಹೊಡೆದರೋ, ಹೋಮದ ಹೊಗೆಯೇ ಮೊದಲು ಬೆಳಗಿ, ಮುಖದ ಮುಂದೆ ಬಿಳಿಯ ಪರದೆ ಎದ್ದಂತಾಗುವುದು. ಮೊಬೈಲು ಫೋನಿನಲ್ಲಿಯೇ ತೆಗೆದರೆ ಸಾಲದೆ ಎಂಬುದು ಅಳಿಯಂದಿರ ವಾದ. ಆ ಯಂತ್ರವು ಮಂದಬೆಳಕಿನಲ್ಲಿ ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ ಒಂದು ಮಾಡುತ್ತದೆ. ಅಲುಗದ ತುಳಸಿಕಟ್ಟೆಗೆ ಅದು ಸರಿ, ಅಲುಗುವ ಮುಖಕ್ಕೆ ಅಲ್ಲ.

ಮುಖವು ಅಲುಗುವುದೂ ಬೆಳಕು ಸಾಲದಿರುವುದೂ ಈ ವಿದ್ಯೆಯ ಹುಟ್ಟಿನಿಂದಲೇ ಬಂದ ಕಷ್ಟಗಳು. ೧೮೩೯ರಲ್ಲಿ ಪ್ಯಾರಿಸಿನಲ್ಲಿ ದಾಗೇರನ ವಿಧಾನವು ಪ್ರಕಟವಾದಾಗ, ಒಂದು ಚಿತ್ರಕ್ಕೆ ಹಲವು ನಿಮಿಷಗಳು ಬೇಕಾಗುತ್ತಿದ್ದುವು. ಕಟ್ಟಡಗಳು ಕಾದು ನಿಲ್ಲುತ್ತಿದ್ದುವು, ಮನುಷ್ಯರು ನಿಲ್ಲಲಾರರು. ಕುಳಿತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವಲೊಂದನ್ನು ಕೊಟ್ಟು ಹಿಡಿಸುತ್ತಿದ್ದರು. ಮರುವರ್ಷವೇ, ೧೮೪೦ರಲ್ಲಿ, ವಿಯೆನ್ನಾದ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಅಧ್ಯಾಪಕನಾಗಿದ್ದ ಯೋಸೆಫ್ ಪೆಟ್ಸ್‌ವಾಲನು ಮುಖಚಿತ್ರಕ್ಕೆಂದೇ ಒಂದು ಮಸೂರವನ್ನು ಕಾಗದದ ಮೇಲೆ ಲೆಕ್ಕ ಹಾಕಿ ಕಂಡುಹಿಡಿದನು. ಲೆಕ್ಕಗಳು ಬೆಟ್ಟದಷ್ಟಿದ್ದುದರಿಂದ ಫಿರಂಗಿಯ ಪಡೆಯಲ್ಲಿ ಗಣಿತ ಬಲ್ಲ ಸಿಪಾಯಿಗಳನ್ನು ಅವನ ಸಹಾಯಕ್ಕೆ ಕೊಟ್ಟಿದ್ದರಂತೆ. ಫೋಕ್ಟ್‌ಲೆಂಡರ್ ಎಂಬವನು ಅದನ್ನು ಗಾಜಿನಲ್ಲಿ ಮಾಡಿದನು. ಅದರ ಕಿಂಡಿಯು ಎಫ್/೩.೬ರಷ್ಟು ದೊಡ್ಡದು; ಅದುವರೆಗಿನ ಮಸೂರಕ್ಕಿಂತ ಹದಿನೈದು ಇಪ್ಪತ್ತು ಪಾಲು ಬೆಳಕು ಹೆಚ್ಚು. ಫಿರಂಗಿಯ ಸಿಪಾಯಿಗಳ ಗಣಿತವು ಇಷ್ಟು ಸೌಮ್ಯವಾದ ಕಾರ್ಯಕ್ಕೆ ಇನ್ನೆಂದಾದರೂ ಬಳಕೆಯಾಗಿದೆಯೋ ಇಲ್ಲವೋ! ತರುವಾಯ ೧೮೯೬ರಲ್ಲಿ ಯೇನಾ ಪಟ್ಟಣದ ತ್ಸೈಸ್ ಕಾರ್ಖಾನೆಯಲ್ಲಿ ಪೌಲ್ ರುಡಾಲ್ಫನು ‘ಪ್ಲಾನಾರ್’ ಎಂಬ ಮಸೂರವನ್ನು ರಚಿಸಿದನು. ಈಗ ಅಂಗಡಿಗಳಲ್ಲಿ ಸುಲಭಬೆಲೆಗೆ ದೊರೆಯುವ, ೫೦ ಮಿಲಿಮೀಟರು ಸಂಗಮದೂರದ, ಎಫ್/೧.೮ ಕಿಂಡಿಯ ಸಣ್ಣ ಮಸೂರಗಳಲ್ಲಿ ಬಹುಪಾಲು ಆ ವಂಶದವೇ.

ಹುಡುಗನು ಆರಿಸಿದ್ದೂ ಅದನ್ನೇ. ಅದರ ಬೆಲೆ ಒಂದು ಒಳ್ಳೆಯ ರೇಷ್ಮೆಯ ಸೀರೆಯ ಬೆಲೆಗಿಂತ ಹೆಚ್ಚಲ್ಲ. ರಾಯರಿಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಅಂಗೈಯಲ್ಲಿ ಅಡಗುವ ವಸ್ತು. ಹತ್ತಿರ ದೂರ ಮಾಡಲು ಬಾರದು. ಬೇಕಾದರೆ ತೆಗೆಯುವವನೇ ನಡೆದು ಹೋಗಬೇಕು. ಹನ್ನೆರಡು ಅಡಿ ಅಗಲದ ನಡುಮನೆಯಲ್ಲಿ ಅದಕ್ಕೆ ಇಬ್ಬರು ಮೂವರಿಗಿಂತ ಹೆಚ್ಚು ಮಂದಿ ಹಿಡಿಸರು. ಗುಂಪಿನ ಚಿತ್ರಕ್ಕೆ ಏನು ಗತಿ? ಗುಂಪಿನ ಚಿತ್ರವನ್ನು ಅಂಗಳದಲ್ಲಿ ತೆಗೆಯೋಣ, ಅಲ್ಲಿ ಬೆಳಕು ಧಾರಾಳ, ಅದಕ್ಕೆ ಹಳೆಯ ಮಸೂರವೇ ಸಾಕು ಎಂದು ಮಗನು ಉತ್ತರ ಕೊಟ್ಟನು. ಒಂದೇ ಮಸೂರವು ಎಲ್ಲ ಕೆಲಸವನ್ನೂ ಮಾಡಬೇಕೆಂಬ ಆಸೆಯನ್ನು ಬಿಟ್ಟ ಮೇಲೆ ಆಯ್ಕೆಯು ಸುಲಭವಾಯಿತು. ಎಲ್ಲವನ್ನೂ ಮಾಡುವ, ಕಿಂಡಿಯೂ ದೊಡ್ಡದಾಗಿರುವ ಮಸೂರಗಳು ಇಲ್ಲವೆಂದಲ್ಲ. ಮದುವೆಯ ಚಿತ್ರಗಾರರು ಅವನ್ನೇ ಹೊತ್ತು ತಿರುಗುವರು. ಅವುಗಳ ಬೆಲೆಗೆ ಆ ಕ್ಯಾಮರಾದಂಥವು ಎರಡು ಬರುವುವು.

ಹೊಸ ವಸ್ತುವಿನ ಹೆಸರು ಅಜ್ಜಿಯವರ ಕಿವಿಗೆ ಬಿದ್ದಾಗ ಒಂದು ಸಣ್ಣ ಆಕ್ಷೇಪಣೆ ಎದ್ದಿತು. “ಮಸೂರವೆಂದರೆ ಚನ್ನಂಗಿಬೇಳೆಯಲ್ಲವೆ? ಅದನ್ನು ಈ ಮನೆಗೆ ತರುವ ಪದ್ಧತಿಯಿಲ್ಲ.” ಅವರ ಮಾತಿನಲ್ಲಿ ಅರ್ಥವಿಲ್ಲದಿಲ್ಲ. ಸಂಸ್ಕೃತದಲ್ಲಿ ಮಸೂರವೆಂದರೆ ಆ ಬೇಳೆಯೇ. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಅದರ ಆಕಾರದಿಂದ ಗಾಜಿಗೆ ಆ ಹೆಸರು ಬಂದಿತು. ಲ್ಯಾಟಿನಿನ ‘ಲೆನ್ಸ್’ ಎಂಬ ಶಬ್ದಕ್ಕೂ ಅರ್ಥ ಅದೇ ಬೇಳೆ. ಮಡಿಯ ಅಡುಗೆಗೆ ನಿಷಿದ್ಧವಾದದ್ದು ಹೀಗೆ ಎರಡು ಭಾಷೆಗಳಲ್ಲಿಯೂ ಗಾಜಿನ ವೇಷದಿಂದ ದೇವರ ಕೋಣೆಯ ಬಾಗಿಲವರೆಗೆ ಬಂದಿತೆನ್ನಬೇಕು.

ಶಾಂತಿಯ ಹಿಂದಿನ ದಿನ ರಾಯರ ಚಿಕ್ಕಪ್ಪನವರು ಬಂದರು. ವೇದಾಧ್ಯಯನ ಮಾಡಿದ ವೃದ್ಧರು. ಹೋಮದ ಸ್ಥಂಡಿಲವನ್ನು ತಾವೇ ಹಗ್ಗ ಹಿಡಿದು ಅಳೆಯದಿದ್ದರೆ ಅವರಿಗೆ ಸಮಾಧಾನವಿಲ್ಲ. ಅವರು ತೊಟ್ಟಿಯ ಪಕ್ಕದಲ್ಲಿ ಚೌಕವನ್ನು ಗುರುತಿಸುತ್ತಿರುವಾಗ, ಹುಡುಗನು ಪಕ್ಕದಲ್ಲಿ ಕುಳಿತು ಅಪ್ಪನಿಗೆ ಕಿಂಡಿಯ ಅಂಕಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದನು: ೧.೪, ೨, ೨.೮, ೪, ೫.೬, ೮. ಒಂದರಿಂದ ಮುಂದಿನದಕ್ಕೆ ಹೋದರೆ ಬೆಳಕು ಅರ್ಧವಾಗುತ್ತದೆ. ರಾಯರು, “ಅಂಕಿ ಹೆಚ್ಚಾದರೆ ಬೆಳಕು ಕಡಿಮೆಯೇ? ಅರ್ಧವಾಗುವುದಾದರೆ ಒಂದು, ಎರಡು, ನಾಲ್ಕು ಎಂದಿರಬೇಕು. ಈ ಒಂದು ದಶಮಾಂಶ ನಾಲ್ಕು ಯಾವ ದೇಶದ ಲೆಕ್ಕ?” ಎಂದು ರೇಗಿದರು.

ಚಿಕ್ಕಪ್ಪನವರು ಹಗ್ಗವನ್ನು ಕೆಳಗಿಟ್ಟು, “ಇನ್ನೊಮ್ಮೆ ಹೇಳು ಮಗೂ” ಎಂದರು. ಹುಡುಗನು ಹೇಳಿದನು.

“ಇದು ದ್ವಿಕರಣಿಯಲ್ಲವೇನೋ!”

ತರುವಾಯ ಅರ್ಧ ಗಂಟೆ ಹೋಮದ ಸಿದ್ಧತೆ ನಿಂತಿತು. ಅವರು ನೆಲದ ಮೇಲೆ ಒಂದು ಚೌಕವನ್ನು ಬರೆದು, ಅದರ ಕರ್ಣವನ್ನು ಎಳೆದು, ಆ ಕರ್ಣವನ್ನೇ ಭುಜವನ್ನಾಗಿ ಮಾಡಿ ಇನ್ನೊಂದು ಚೌಕವನ್ನು ಬರೆದರು. ಎರಡನೆಯದು ಮೊದಲಿನದಕ್ಕೆ ಸರಿಯಾಗಿ ಇಮ್ಮಡಿ. ಇಮ್ಮಡಿ ಮಾಡುವ ಆ ರೇಖೆಗೆ ಬೋಧಾಯನಾದಿಗಳ ಶುಲ್ಬಸೂತ್ರಗಳಲ್ಲಿ ದ್ವಿಕರಣಿಯೆಂದು ಹೆಸರು. ಅಳತೆಗೆ ಒಂದಕ್ಕೆ ಅದರ ಮೂರನೆಯ ಒಂದು ಪಾಲನ್ನೂ, ಆ ಪಾಲಿನ ನಾಲ್ಕನೆಯ ಒಂದು ಪಾಲನ್ನೂ ಸೇರಿಸಿ, ಕೊನೆಯದರ ಮೂವತ್ತನಾಲ್ಕನೆಯ ಒಂದು ಪಾಲನ್ನು ಕಳೆಯಬೇಕು. ಹುಡುಗನು ಗಣಕದಲ್ಲಿ ಲೆಕ್ಕ ಹಾಕಿ ನೋಡಿದನು, ೧.೪೧೪೨೧ರವರೆಗೆ, ಎಂದರೆ ಐದು ದಶಮಾಂಶ ಸ್ಥಾನಗಳವರೆಗೆ, ವ್ಯತ್ಯಾಸವಿಲ್ಲ. ಚೌಕಕ್ಕೆ ಹೇಗೋ ವೃತ್ತಕ್ಕೂ ಹಾಗೆಯೇ. ಕಿಂಡಿಯ ವ್ಯಾಸವು ದ್ವಿಕರಣಿಯಷ್ಟು ಹಿಗ್ಗಿದರೆ ಬೆಳಕು ಇಮ್ಮಡಿಯಾಗುವುದು. ಇನ್ನು ಅಂಕಿ ಹೆಚ್ಚಾದರೆ ಬೆಳಕು ಕಡಿಮೆಯಾಗುವುದೇಕೆಂದರೆ, ಆ ಅಂಕಿಯು ಭಾಜಕ; ಐವತ್ತು ಮಿಲಿಮೀಟರನ್ನು ಎರಡರಿಂದ ಭಾಗಿಸಿದರೆ ಇಪ್ಪತ್ತೈದು, ಐದರಿಂದ ಭಾಗಿಸಿದರೆ ಹತ್ತೇ. ರಾಯರಿಗೆ ಮೂರು ದಿನಗಳಿಂದ ತಲೆಗೆ ಹತ್ತದ ಸಂಗತಿಯು ಹೋಮದ ಹಗ್ಗದಿಂದ ಹತ್ತಿತು. ಚಿಕ್ಕಪ್ಪನವರು ಆ ಮೇಲೆ ಕ್ಯಾಮರಾವನ್ನು ಗೌರವದಿಂದಲೇ ಕಂಡರು.

ಶಾಂತಿಯ ದಿನದ ಬೆಳಗು ಕೈಗೆ ಹತ್ತಲಿಲ್ಲ. ಹುಡುಗನು ಉತ್ಸಾಹದಿಂದ ಅಜ್ಜಿಯ ತೀರ ಹತ್ತಿರ, ಒಂದು ಮೀಟರು ದೂರದಲ್ಲಿ ಕುಳಿತು, ಕಿಂಡಿಯನ್ನು ಪೂರ್ತಿ ತೆರೆದು ಹಲವು ಚಿತ್ರಗಳನ್ನು ತೆಗೆದನು. ದೊಡ್ಡದು ಮಾಡಿ ನೋಡುವಾಗ, ಮೂಗುಬೊಟ್ಟಿನ ಏಳು ಹರಳುಗಳೂ ಒಂದೊಂದಾಗಿ ಹೊಳೆಯುತ್ತಿದ್ದುವು. ಕಣ್ಣುಗಳು ಮಾತ್ರ ಮಂಜಿನಲ್ಲಿದ್ದುವು. ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡ ಕಿಂಡಿಯಿಂದ ಸ್ಪಷ್ಟವಾಗುವ ಪದರವು ಮೂರು ಸೆಂಟಿಮೀಟರಿಗೂ ಕಡಿಮೆ. ಯಂತ್ರವು ಹೊಳೆಯುವ ಹರಳನ್ನು ಹಿಡಿದುಕೊಂಡಿತು, ಕಣ್ಣು ಅದರ ಹಿಂದೆ ಉಳಿಯಿತು. ದೊಡ್ಡ ಕಿಂಡಿಯು ಕೊಡುವ ವರದಲ್ಲಿಯೇ ಈ ಶಾಪವೂ ಅಡಗಿದೆ. ಕೊಂಡ ಮೊದಲ ವಾರದಲ್ಲಿ ಎಲ್ಲರೂ ಇದನ್ನು ಅನುಭವಿಸಿಯೇ ಕಲಿಯುವರು. ಹುಡುಗನು ಬೆಪ್ಪಾದನು. ರಾಯರು ಏನೂ ಅನ್ನಲಿಲ್ಲ. ಆದರೆ ಒಂದೆರಡು ಸಲ ಗೋಡೆಯ ಕಡೆಗೆ ನೋಡಿದರು.

ಊಟದ ಹೊತ್ತಿಗೆ ಹುಡುಗನು ಲೆಕ್ಕವನ್ನು ತಿದ್ದಿಕೊಂಡನು. ಎರಡು ಮೀಟರು ದೂರಕ್ಕೆ ಸರಿದು, ಕಿಂಡಿಯನ್ನು ಎಫ್/೨.೮ಕ್ಕೆ ಕಿರಿದು ಮಾಡಿದರೆ, ಸ್ಪಷ್ಟವಾದ ಪದರವು ಸುಮಾರು ಹದಿನೇಳು ಸೆಂಟಿಮೀಟರು. ಮೂಗಿನಿಂದ ಕಿವಿಯವರೆಗೆ ಮುಖವೆಲ್ಲ ಅದರಲ್ಲಿ ಅಡಗುವುದು. ಅದರಿಂದ ಕಡಿಮೆಯಾಗುವ ಬೆಳಕಿಗೆ ಪ್ರತಿಯಾಗಿ ಕ್ಯಾಮರಾದ ಗ್ರಹಣಶಕ್ತಿಯನ್ನು ೧೬೦೦ರಿಂದ ೩೨೦೦ಕ್ಕೆ ಏರಿಸಬೇಕು. ಹಾಗೆ ಮಾಡಿದರೆ ಚಿತ್ರದಲ್ಲಿ ಸ್ವಲ್ಪ ಮರಳು ಉದುರಿದಂತಾಗುತ್ತದೆ. ಆಗಲಿ, ಮರಳು ಉದುರಿದ ಮುಖವೂ ಮುಖವೇ. ಗುಂಡಿಯನ್ನು ಮೂಗುಬೊಟ್ಟಿಗೆ ಬಿಡದೆ, ಹಿಡಿಯಬೇಕಾದ ಬಿಂದುವನ್ನು ತಾನೇ ಬಲಗಣ್ಣಿನ ಮೇಲೆ ಇಟ್ಟನು.

ಮಧ್ಯಾಹ್ನ ಎಲೆಗಳನ್ನೆತ್ತಿ ನೆಲ ಸಾರಿಸಿದ ಮೇಲೆ ಅಜ್ಜಿಯವರು ತೊಟ್ಟಿಯ ಅಂಚಿನ ಕಂಬಕ್ಕೆ ಒರಗಿ, ಕನ್ನಡಕ ತೆಗೆದಿಟ್ಟು, ಅಡಿಕೆ ಹೋಳನ್ನು ಕುಟ್ಟಿಸಿಕೊಳ್ಳುತ್ತಿದ್ದರು. ತೊಟ್ಟಿಯ ಬೆಳಕು ಮುಖದ ಮೇಲೆ ಒಂದು ಪಕ್ಕದಿಂದ ಬೀಳುತ್ತಿತ್ತು. ಆಗ ಶೃಂಗೇರಿಯ ಕಡೆಯಿಂದ ಬರಬೇಕಾಗಿದ್ದ ಅವರ ತಂಗಿಯು, ಬಸ್ಸು ತಪ್ಪಿ, ಎಲ್ಲವೂ ಮುಗಿದ ಮೇಲೆ ಚೀಲ ಹಿಡಿದುಕೊಂಡು ಬಾಗಿಲಲ್ಲಿ ಕಾಣಿಸಿಕೊಂಡರು. “ಅಕ್ಕಾ, ಪಾಯಸ ಉಳಿದಿದೆಯೇ?” ಎಂಬುದೇ ಅವರ ಮೊದಲ ಮಾತು. ಅಜ್ಜಿಯವರು ತಲೆಯೆತ್ತಿ ನಕ್ಕರು. ಹುಡುಗನು ಬಿಡದೆ ಗುಂಡಿಯನ್ನು ಒತ್ತಿದನು. ನಲುವತ್ತು ಚಿತ್ರಗಳಲ್ಲಿ ಮೂವತ್ತೇಳು ನಷ್ಟವಾದುವು, ಮೂರು ಉಳಿದುವು, ಮೂರರಲ್ಲಿ ಒಂದು ನಿಂತಿತು.

ಅಂಗಳದ ಗುಂಪಿನ ಚಿತ್ರದ ವಿಷಯ ಹೇಳುವುದಕ್ಕೇನೂ ಇಲ್ಲ. ಹಳೆಯ ಮಸೂರ, ಎಫ್/೮, ಎಲ್ಲರೂ ಚೆನ್ನಾಗಿ ಬಂದಿದ್ದಾರೆ.

ಹದಿನೈದು ದಿನಗಳ ಮೇಲೆ ಅಚ್ಚಾದ ಚಿತ್ರವನ್ನು ರಾಯರು ತಾಯಿಗೆ ಕೊಟ್ಟರು. ನಗುವಿನಿಂದ ಕೆನ್ನೆಯ ಸುಕ್ಕುಗಳು ಮಡಿಸಿಕೊಂಡಿವೆ. ಕಣ್ಣಿನ ಕಪ್ಪಿನ ಸುತ್ತ ವಯಸ್ಸಿನ ಬಿಳಿಯ ಉಂಗುರವಿದೆ. ಆ ಕಪ್ಪಿನೊಳಗೆ ತೊಟ್ಟಿಯ ಆಕಾಶವು ಒಂದು ಸಣ್ಣ ಚೌಕವಾಗಿ ಕುಳಿತಿದೆ. ಅಜ್ಜಿಯವರು ಅದನ್ನು ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿದರು. ರಾಯರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ದೀಪಾವಳಿಯ ನೆನಪು ಇನ್ನೂ ಹೋಗಿರಲಿಲ್ಲ.

ಅಜ್ಜಿಯವರು ಬೆರಳನ್ನು ಚಿತ್ರದ ಹಣೆಯ ಮೇಲಿಟ್ಟರು. ಹುಬ್ಬಿನ ಮೇಲ್ಗಡೆ ಅಕ್ಕಿಯ ಕಾಳಿನಷ್ಟು ಒಂದು ಕಲೆ. “ಇದು ಇನ್ನೂ ಇದೆಯೇ? ಈ ಮನೆಗೆ ಬಂದ ವರ್ಷ, ಬಚ್ಚಲೊಲೆಯ ಕಲ್ಲು ತಗುಲಿ ಆದದ್ದು. ಅವರೇ ಅರಿಶಿನ ಒತ್ತಿದರು. ಬಹಳ ಹೆದರಿದ್ದರು, ಪಾಪ, ಕೈ ನಡುಗುತ್ತಿತ್ತು.” ರಾಯರು ಅರುವತ್ತೆರಡು ವರ್ಷಗಳಲ್ಲಿ ಆ ಕಲೆಯನ್ನು ಕಂಡವರಲ್ಲ. ಅಪ್ಪನ ಕೈ ನಡುಗುತ್ತಿತ್ತೆಂಬುದನ್ನು ಕೇಳಿದವರೂ ಅಲ್ಲ. ಚಿತ್ರದಿಂದ ತಲೆಯೆತ್ತಿ ಅವರು ತಾಯಿಯ ಹಣೆಯನ್ನೇ ನೋಡಿದರು.

ಅಷ್ಟರಲ್ಲಿ ಜ್ಯೇಷ್ಠದ ಮಳೆ ಹಿಡಿಯಿತು. ಮಲೆನಾಡಿನ ಮಳೆಗಾಲದಲ್ಲಿ ಮಸೂರದ ಗಾಜಿಗೆ ಬೂಷ್ಟು ಹಿಡಿಯುವುದು. ಜೇಡರ ಬಲೆಯಂತೆ ಒಳಗೊಳಗೇ ಹಬ್ಬುವ ಅದನ್ನು ಒರೆಸಿ ತೆಗೆಯಲಾಗದು. ಆದುದರಿಂದ ಹುಡುಗನು ಬೆಂಗಳೂರಿಗೆ ಹೊರಡುವ ಮೊದಲು, ಗಾಳಿಯಾಡದ ಡಬ್ಬಿಯೊಂದರಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳನ್ನಿಟ್ಟು, ಮಸೂರವನ್ನು ಅದರೊಳಗೆ ಭದ್ರಪಡಿಸಿ, ಅಟ್ಟದ ಮೇಲೆ ಇಡುವಂತೆ ಅಪ್ಪನಿಗೆ ಕೊಟ್ಟನು. ಅಜ್ಜಿಯವರು ಒಳಗಿನಿಂದಲೇ ಡಬ್ಬಿಯ ಮುಚ್ಚಳದ ಸದ್ದನ್ನು ಗುರುತಿಸಿದರು.

“ಅದು ಹಪ್ಪಳದ ಡಬ್ಬಿಯೋ. ಮಳೆ ಮುಗಿದ ಮೇಲೆ ನೆನಪಾಗಿ ತಂದುಕೊಡು.”